ಕ್ಯಾರವಾನ್ ಹೊರಮೈಯಲ್ಲಿ ತುಕ್ಕಿನ ಗೆರೆ, ಕಿಲುಬು ಹಿಡಿದ ಸ್ಕ್ರೂ: ಕಡಲ ಬದಿಯಲ್ಲಿ ಎಂತ ಮಾಡುವುದು?

ಬೇಕಲ ದಂಡೆ

ಟ್ರಾವೆಲರ್ ಚಾಸಿಯ ಮೇಲೆ ಕಟ್ಟಿದ ಕ್ಯಾರವಾನ್, ಉದ್ದ ಸುಮಾರು 6 ಮೀಟರ್. ಮೈ ಬಿಳಿ ಫೈಬರ್ ಪ್ಯಾನೆಲ್, ಒಳಗೆ ಮರದ ಫ್ರೇಮು. ಮೂಲೆಗಳಿಗೆ ಅಲ್ಯುಮಿನಿಯಂ ಆಂಗಲ್, ಅದರ ಸ್ಕ್ರೂಗಳನ್ನು ಮುಚ್ಚಲಿಕ್ಕೆ ಪ್ಲಾಸ್ಟಿಕ್ ಬೀಡಿಂಗ್. ನಿಲ್ಲಿಸುವುದು ಬೇಕಲದಲ್ಲಿ, ಕಡಲಿಂದ 400 ಮೀಟರ್ ದೂರ. ಎರಡು ಮಳೆಗಾಲ ಕಳೆದಿದೆ.

ಈಗ ಬೀಡಿಂಗಿನ ಕೆಳಗಿಂದ ಕಂದು ಗೆರೆಗಳು ಇಳಿದಿವೆ. ಹಿಂದಿನ ಸ್ಟೀಲ್ ಏಣಿಯಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ. ಕಿಟಕಿ ಫ್ರೇಮಿನ ಸ್ಕ್ರೂ ಸುತ್ತ ಬಿಳಿ ಪುಡಿ. ಲಗೇಜ್ ಬಾಗಿಲಿನ ಹಿಂಜು ಬಿಗಿಯಾಗಿದೆ. ಅಡಿಯಲ್ಲಿ ಕ್ರಾಸ್ ಮೆಂಬರಿನ (ಚಾಸಿಯ ಅಡ್ಡ ಕಬ್ಬಿಣದ) ಪೈಂಟ್ ಉಬ್ಬಿದೆ. ಕಲೆ ತೆಗೆಯುವ ಲಿಕ್ವಿಡ್ ಹಾಕಿ ಒರೆಸಿದರೆ ಸಾಕಾ, ಅಲ್ಲ ಬಿಚ್ಚಬೇಕಾ? ಕ್ರಮವಾಗಿ ಹೇಳಿ.

ಕುಂಬಳೆ ಬಾಡಿ ವರ್ಕ್ಸ್

ಒರೆಸಿದರೆ ಹೋಗ್ತದೆ, ಮಳೆಗಾಲದ ಆಟಿ ತಿಂಗಳಿಗೆ ಅದೇ ಜಾಗದಲ್ಲಿ ವಾಪಸ್ ಬರ್ತದೆ. ಫೈಬರ್ ತುಕ್ಕು ಹಿಡಿಯುವ ವಸ್ತು ಅಲ್ಲ. ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲಿ ಒಂದು ಕಬ್ಬಿಣದ ಸ್ಕ್ರೂ ಉಂಟು, ಅದರ ಬುಡಕ್ಕೆ ನೀರು ಹೋಗುವ ದಾರಿಯೂ ಉಂಟು. ಅದೇ ನೀರು ಒಳಗಿನ ಮರಕ್ಕೂ ಹೋಗ್ತಾ ಇರ್ತದೆ. ಹಾಗಾಗಿ ಕಲೆಯನ್ನು ಈಗಲೇ ತೊಳೆಯಬೇಡಿ. ಮೊದಲು ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿ ಪ್ರತಿ ಗೆರೆಯ ತಲೆಯನ್ನು ಗುರುತು ಮಾಡಿ, ಫೋಟೋ ತೆಗೆದಿಡಿ. ತೊಳೆದ ಮೇಲೆ ಯಾವ ಸ್ಕ್ರೂ ಸೋರುತ್ತಿತ್ತು ಎಂದು ಗೊತ್ತಾಗುವುದಿಲ್ಲ.

ಆಮೇಲೆ ಬೀಡಿಂಗ್ ತೆಗೆಯಿರಿ. ಕೆಳತುದಿಯಿಂದ ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ ಕೈಯಲ್ಲಿ ನಿಧಾನ ಎಳೆದರೆ ಪಟ್ಟಿಯ ಹಾಗೆ ಬರ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಕುಗ್ಗಿ ಮೇಲಿನ ತುದಿಯಲ್ಲಿ ಒಂದೆರಡು ಇಂಚು ಜಾಗ ಬಿಟ್ಟಿರ್ತದೆ, ನೀರು ಅಲ್ಲಿಂದ ನುಗ್ಗಿ ಇಡೀ ಚಡಿಯಲ್ಲಿ ನಿಲ್ತದೆ. ಒಳಗೆ ನೋಡಿದರೆ ಮೂರು ತರದ ಸ್ಕ್ರೂ ಕಾಣಬಹುದು. ಹೊಳೆಯುವ ಸ್ಕ್ರೂ ಸದ್ಯಕ್ಕೆ ಸರಿ ಉಂಟು. ಬೂದು-ಬಿಳಿ ಪುಡಿ ಹಿಡಿದದ್ದರ ಸತುವಿನ ಲೇಪ ಹೋಗ್ತಾ ಉಂಟು. ಕೆಂಪಾದದ್ದರ ಲೇಪ ಮುಗಿದು ಕಬ್ಬಿಣವೇ ಸವೆಯುತ್ತಿದೆ. ಒಂದು ಸಾಲಿನಲ್ಲಿ ಹತ್ತರಲ್ಲಿ ಮೂರು ಕೆಂಪಾಗಿದ್ದರೆ ಇಡೀ ಸಾಲನ್ನೇ ಬದಲಾಯಿಸಿ, ಉಳಿದವು ಅದೇ ವಯಸ್ಸಿನವು.

ಮುಳ್ಳೇರಿಯಾ

ಬಿಚ್ಚುವ ಮೊದಲು ಒಂದು ಪರೀಕ್ಷೆ. ನಮ್ಮ ಕಡೆ ಕಂದು ಬಣ್ಣ ಕಂಡದ್ದೆಲ್ಲ ಸ್ಕ್ರೂವಿನ ತುಕ್ಕು ಅಲ್ಲ.

ಮುರಕಲ್ಲಿನ ಧೂಳಿನ ಕೆಂಪೇ ಕಬ್ಬಿಣದ ಆಕ್ಸೈಡ್. ಅದು ಚಕ್ರದ ಹಿಂದೆ, ಕೆಳಗಿನ ಎರಡಡಿಯಲ್ಲಿ ಚುಕ್ಕಿಚುಕ್ಕಿಯಾಗಿ ಕೂರ್ತದೆ, ಸಾಬೂನು ನೀರಿಗೆ ಹೆಚ್ಚುಕಡಿಮೆ ಹೋಗ್ತದೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದ್ದರೆ ತೊಳೆದಾಗೆಲ್ಲ ಇಡೀ ಮೈಗೆ ತೆಳು ಹಳದಿ ಪೊರೆ. ಒಂದು ಬಿಳಿ ಬಕೆಟಿನಲ್ಲಿ ಆ ನೀರನ್ನು ರಾತ್ರಿಯಿಡೀ ಇಟ್ಟು ನೋಡಿ, ಬೆಳಿಗ್ಗೆ ತಳದಲ್ಲಿ ಹಳದಿ ಮಡ್ಡಿ ಕಂಡರೆ ಆ ನೀರಿನಲ್ಲಿ ಗಾಡಿ ತೊಳೆಯುವುದು ಬಿಡಿ. ಮೂರನೆಯದು ಸಾಸಿವೆ ಗಾತ್ರದ ಕಿತ್ತಳೆ ಚುಕ್ಕಿ, ಮಾಡಿನ ಮೇಲೂ ಇರ್ತದೆ, ಬೆರಳಿಗೆ ಒರಟು. ಹತ್ತಿರದಲ್ಲಿ ಯಾರೋ ಗ್ರೈಂಡರ್ ಹೊಡೆದಾಗ ಹಾರಿದ ಕಬ್ಬಿಣದ ಕಿಡಿ ಅದು. ವೆಲ್ಡಿಂಗ್ ಶೆಡ್ಡಿನ ಪಕ್ಕ ನಿಲ್ಲಿಸಿದ ಗಾಡಿಗೆಲ್ಲ ಬರ್ತದೆ. ಅದಕ್ಕೆ ಕಾರ್ ಡೀಟೇಲಿಂಗಿನವರು ಹಾಕುವ, ಕಬ್ಬಿಣ ತಾಗಿದರೆ ನೇರಳೆ ಬಣ್ಣಕ್ಕೆ ತಿರುಗುವ ಸ್ಪ್ರೇ ಬೇಕು, ಮೇಲೆ ಕ್ಲೇ ಬಾರ್, ಅಂದರೆ ತಿಕ್ಕಿದರೆ ಅಂಟಿದ ಕಣ ಎಬ್ಬಿಸುವ ಜೇಡಿಯಂಥ ಮುದ್ದೆ.

ಒಂದೇ ಬಿಂದುವಿನಿಂದ ಹೊರಟು ಕೆಳಗೆ ಸಪೂರವಾಗುವ ಗೆರೆ ಮಾತ್ರ ಸ್ಕ್ರೂವಿನದ್ದು. ಬೇಕಲದವರದ್ದು ಅದೇ ತರ ಕಾಣ್ತದೆ.

ಉಪ್ಪಳ ಲ್ಯಾಬ್

ಕಲೆ ತೆಗೆಯಲಿಕ್ಕೆ ಆಕ್ಸಾಲಿಕ್ ಆಸಿಡ್. ಮರದ ಕಲೆ ತೆಗೆಯುವ ಬಿಳಿ ಹರಳು, ಪೈಂಟ್ ಅಂಗಡಿಯಲ್ಲಿ ಕೇಳಿದರೆ ಸಿಗ್ತದೆ. ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ರೂಪಕ್ಕೆ ತರುವುದು ಇದರ ಕೆಲಸ. ಉಜ್ಜುವ ಅಗತ್ಯ ಬೀಳುವುದಿಲ್ಲ, ಬಿಳಿ ಜೆಲ್‌ಕೋಟಿನ, ಅಂದರೆ ಫೈಬರಿನ ಮೇಲ್ಪದರದ, ಹೊಳಪೂ ಉಳೀತದೆ.

ಪ್ಲಾಸ್ಟಿಕ್ ಬಕೆಟಿನಲ್ಲಿ 1 ಲೀಟರ್ ಉಗುರುಬೆಚ್ಚಗಿನ ನೀರು, ಅದಕ್ಕೆ 50 ಗ್ರಾಂ ಹರಳು. ನೀರಿಗೆ ಹರಳು ಹಾಕಿ. ಇಡೀ ಗಾಡಿಗೆ 2 ಲೀಟರ್ ಸಾಕಾಗ್ತದೆ. ನೆಟ್ಟಗಿನ ಗೋಡೆಯಲ್ಲಿ ನೀರು ನಿಲ್ಲುವುದಿಲ್ಲವಲ್ಲ, ಅದಕ್ಕೆ ಅರ್ಧ ಲೀಟರ್ ನೀರಿಗೆ 2 ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ ಗಂಜಿ ಕಾಯಿಸಿ, ಪೂರ್ತಿ ತಣಿದ ಮೇಲೆ 25 ಗ್ರಾಂ ಹರಳು ಕಲಸಿ. ಆಸಿಡ್ ಹಾಕಿದ ಮೇಲೆ ಒಲೆಗೆ ಇಡಬಾರದು, ಅಡುಗೆ ಪಾತ್ರೆಯನ್ನೂ ಮುಟ್ಟಿಸಬಾರದು. ಆ ದಿನಕ್ಕೆ ಬೇಕಾದಷ್ಟೇ ಮಾಡಿ, ಮರುದಿನಕ್ಕೆ ಗಂಜಿ ನೀರಾಗ್ತದೆ.

ಬೆಳಿಗ್ಗೆ ಒಂಬತ್ತರ ಒಳಗೆ, ಪ್ಯಾನೆಲ್ ತಣ್ಣಗಿರುವಾಗ ಬ್ರಶ್ಶಿನಲ್ಲಿ ಹಚ್ಚಿ 10ರಿಂದ 15 ನಿಮಿಷ ಬಿಡಿ, ಒಣಗಲು ಬಿಡಬೇಡಿ. ಕಂದು ಗೆರೆ ಮೊದಲು ಹಳದಿ-ಹಸಿರು ಆಗಿ, ಮತ್ತೆ ಮಾಯವಾಗುವುದು ಕಣ್ಣಿಗೆ ಕಾಣ್ತದೆ. ಧಾರಾಳ ನೀರಿನಲ್ಲಿ ತೊಳೆದು, ಲೀಟರಿಗೆ 2 ಚಮಚ ಅಡುಗೆ ಸೋಡಾ ಹಾಕಿದ ನೀರಿನಿಂದ ಒರೆಸಿ, ಪುನಃ ತೊಳೆಯಿರಿ. ಹಳೆ ಕಲೆಗೆ ಎರಡು ಸಲ ಬೇಕಾದೀತು. ಆಸಿಡ್ ತಾಗಿದಲ್ಲಿ ವ್ಯಾಕ್ಸ್ ಹೋಗಿರ್ತದೆ, ಒಣಗಿದ ಮೇಲೆ ಹಚ್ಚಿ. ಇಲ್ಲದಿದ್ದರೆ ಮುಂದಿನ ಕಲೆ ಇನ್ನೂ ಆಳಕ್ಕೆ ಇಳೀತದೆ.

ಹೊಟ್ಟೆಗೆ ಹೋದರೆ ಕಿಡ್ನಿಗೆ ಅಪಾಯ. ರಬ್ಬರ್ ಗ್ಲೌಸ್, ಕನ್ನಡಕ, ಪುಡಿ ಅಳೆಯುವಾಗ ಮಾಸ್ಕ್. ಉಳಿದದ್ದನ್ನು ಹೆಸರು ಬರೆದು ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಸಕ್ಕರೆಯ ಹಾಗೆಯೇ ಕಾಣ್ತದೆ.

ಪೆರ್ಲ ತೋಟ

ಬಿಂಬುಳಿ ರಸದಲ್ಲಿ ಬಟ್ಟೆಯ ತುಕ್ಕು ಕಲೆ ಹೋಗ್ತದಲ್ಲ, ಅದನ್ನೇ ಇಲ್ಲಿಗೂ ಹಚ್ಚಬಹುದಾ? ಮತ್ತೆ ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಎಲ್ಲ ಹೇಳ್ತಾರೆ.

ಉಪ್ಪಳ ಲ್ಯಾಬ್

ಬಿಂಬುಳಿಯಲ್ಲಿ ಇರುವುದೂ ಆಕ್ಸಾಲಿಕ್ ಆಸಿಡ್ಡೇ. ಸಣ್ಣ ಕಲೆಗೆ ಆಗ್ತದೆ, ಆದರೆ ಒಂದೊಂದು ಕಾಯಿಗೆ ಒಂದೊಂದು ಹುಳಿ, ಅಳತೆ ಸಿಗುವುದಿಲ್ಲ. ಹಚ್ಚಿದರೆ ಚೆನ್ನಾಗಿ ತೊಳೆಯಿರಿ, ಸ್ಕ್ರೂ ಸಂದಿಯಲ್ಲಿ ಹುಳಿ ಉಳಿದರೆ ಅದೇ ತುಕ್ಕಿಗೆ ದಾರಿ.

ಟಾಯ್ಲೆಟ್ ಕ್ಲೀನರಿನಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರ್ತದೆ. ಕಲೆ ಹೋಗ್ತದೆ, ಆದರೆ ಅದರ ಕ್ಲೋರೈಡ್ ಸ್ಟೀಲಿನ ರಕ್ಷಣೆಯ ಪೊರೆ ಒಡೆದು ಸೂಜಿಮೊನೆಯಷ್ಟು ಗುಳಿ ಮಾಡ್ತದೆ, ಅಲ್ಯುಮಿನಿಯಮನ್ನು ತಿಂತದೆ. ಬ್ಲೀಚಿಂಗ್ ಪೌಡರ್ ತುಕ್ಕಿನ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡ್ತದೆ, ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ. ಎರಡೂ ಬೇಡ. ಕಬ್ಬಿಣದ ನಾರು, ಅಂದರೆ ಪಾತ್ರೆ ಉಜ್ಜುವ ಸ್ಟೀಲ್ ಉಲ್ಲನ್, ಕೂಡ ಬೇಡವೇ ಬೇಡ. ಅದರ ಎಳೆ ಮುರಿದು ಜೆಲ್‌ಕೋಟಿನೊಳಗೆ ಕೂತು ಹೊಸ ತುಕ್ಕಿನ ಚುಕ್ಕಿ ಹುಟ್ಟಿಸ್ತದೆ. ನೈಲಾನ್ ಪ್ಯಾಡ್ ಬಳಸಿ.

ಕುಂಬಳೆ ಬಾಡಿ ವರ್ಕ್ಸ್

ಈಗ ಸ್ಕ್ರೂ ಲೆಕ್ಕ. ನಾಲ್ಕು ಮೂಲೆ ತಲಾ 2 ಮೀಟರ್, ಮಾಡಿನ ಎರಡು ಅಂಚು ತಲಾ 5 ಮೀಟರ್, ಒಟ್ಟು 18 ಮೀಟರ್ ಆಂಗಲ್. 125 ಮಿ.ಮೀ.ಗೆ ಒಂದರಂತೆ ಸುಮಾರು 145 ಸ್ಕ್ರೂ. 200 ತನ್ನಿ. ಈಗ ಇರುವುದು 8ನೇ ನಂಬ್ರ, 4.2 ಮಿ.ಮೀ. ಇರಬೇಕು, ಒಂದು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ತೂತು ಸಡಿಲವಾದಲ್ಲಿ ಹಾಕಲು 10ನೇ ನಂಬ್ರ, 4.8 ಮಿ.ಮೀ. ಇಪ್ಪತ್ತೈದು ಇರಲಿ.

ಎಲ್ಲ ಒಟ್ಟಿಗೆ ಬಿಚ್ಚಬೇಡಿ. ಆಂಗಲ್ ಎದ್ದು ಬಂದರೆ ಪುನಃ ಕೂರಿಸುವುದು ದೊಡ್ಡ ಕೆಲಸ. ಒಂದು ತೆಗೆಯಿರಿ, ತೂತಿನ ಪುಡಿ ಊದಿ ತೆಗೆಯಿರಿ, ಸೀಲೆಂಟ್ (ಸಂದಿ ಮುಚ್ಚುವ ಅಂಟು) ತುಂಬಿ ಹೊಸದನ್ನು ಹಾಕಿ, ಆಮೇಲೆ ಮುಂದಿನದು. ಮರ ಮೆತ್ತಗಾದಲ್ಲಿ ಉದ್ದ ಸ್ಕ್ರೂ ಹಾಕಿ ಬಿಗಿ ಮಾಡುವವರಿದ್ದಾರೆ, ಅದು ನಿಲ್ಲುವುದಿಲ್ಲ. ಪೂರ್ತಿ ಒಣಗಿಸಿ, ಎಪಾಕ್ಸಿಗೆ ಮರದ ಹುಡಿ ಕಲಸಿ ತೂತು ತುಂಬಿ, ಒಂದು ದಿನ ಬಿಟ್ಟು 3.2 ಮಿ.ಮೀ. ಬಿಟ್ಟಿನಲ್ಲಿ ಹೊಸ ತೂತು. ಸ್ಕ್ರೂಡ್ರೈವರ್ ಚುಚ್ಚಿದರೆ ಒಂದು ಇಂಚು ಒಳಗೆ ಹೋಗ್ತದೆ ಎಂದಾದರೆ ಅಲ್ಲಿ ಎಪಾಕ್ಸಿಯೂ ನಿಲ್ಲುವುದಿಲ್ಲ, ಪ್ಯಾನೆಲ್ ಬಿಚ್ಚಿ ಮರದ ತುಂಡು ಬದಲಿಸಬೇಕು.

ಮಂಜೇಶ್ವರ ಹಾರ್ಡ್‌ವೇರ್

"ಎಸ್ಸೆಸ್ ಸ್ಕ್ರೂ ಕೊಡಿ" ಎಂದು ಕೇಳಬೇಡಿ, ಸ್ಟೇನ್‌ಲೆಸ್ ಸ್ಟೀಲಿನ ಗ್ರೇಡ್ ಕೇಳಿ. ಅಗ್ಗದಲ್ಲಿ ಸಿಗುವುದು ಬಹಳ ಸಲ 202. ಅದರಲ್ಲಿ ನಿಕ್ಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್. ಕಡಲ ಬದಿಗೆ ತಡೆಯುವುದಿಲ್ಲ. 304ರಲ್ಲಿ 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್. 316ರಲ್ಲಿ ಅದರ ಮೇಲೆ 2ರಿಂದ 3 ಶೇಕಡಾ ಮಾಲಿಬ್ಡಿನಂ, ಉಪ್ಪಿಗೆ ಎದುರು ನಿಲ್ಲುವುದು ಅದರಿಂದಲೇ. ಕಡಲಿಂದ 400 ಮೀಟರ್ ಅಂದರೆ ಹೊರಗೆ ಕಾಣುವಲ್ಲೆಲ್ಲ 316 ಹಾಕಿ. ಮೀನುಗಾರಿಕೆ ದೋಣಿಯ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿ.

ಅಯಸ್ಕಾಂತದ ಪರೀಕ್ಷೆ ನಂಬಬೇಡಿ. 202 ಕೂಡ ಅಂಟುವುದಿಲ್ಲ, 304 ಪಾಸಾದ ಹಾಗೆಯೇ ಪಾಸಾಗ್ತದೆ. ಗಟ್ಟಿ ಅಂಟಿದರೆ 410 ಇರಬಹುದು, ತಾನೇ ತೂತು ಕೊರೆಯುವ ಸ್ಕ್ರೂ ಹೆಚ್ಚಾಗಿ ಅದೇ, ಬೇಗ ತುಕ್ಕು ಹಿಡೀತದೆ. ಬೋಲ್ಟಿನ ತಲೆ ಮೇಲಿನ ಅಚ್ಚು ನೋಡಿ: ಎ2-70 ಅಂದರೆ 304ರ ವರ್ಗ, ಎ4-80 ಅಂದರೆ 316ರದ್ದು. ಸಣ್ಣ ಸ್ಕ್ರೂವಿಗೆ ಅಚ್ಚು ಇರುವುದಿಲ್ಲ, ಬಾಕ್ಸಿನ ಮೇಲೆ ಬರೆದದ್ದು ನೋಡಿ. ಸಂಶಯ ಇದ್ದರೆ ಮಾಲಿಬ್ಡಿನಂ ಟೆಸ್ಟ್ ಮಾಡುವ ದ್ರಾವಣ ಸ್ಟೀಲ್ ವ್ಯಾಪಾರಿಗಳ ಹತ್ತಿರ ಇರ್ತದೆ, ಒಂದು ತೊಟ್ಟು ಸಾಕು.

ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ಟು ಒಣಗಿದ್ದಾಗ ಜೋರಾಗಿ ತಿರುಗಿಸಿದರೆ ಮರೆ, ಅಂದರೆ ತಿರುಪಿನ ಸುತ್ತು, ಹಿಡಿದುಕೊಂಡು ಹಿಂದೆಯೂ ಬರುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಗ್ರೀಸ್ ಹಚ್ಚಿ, ಕೈ ಸ್ಪ್ಯಾನರಿನಲ್ಲಿ ನಿಧಾನ. ಎಂ6ಕ್ಕೆ 8 ನ್ಯೂಟನ್ ಮೀಟರ್ ಸಾಕು.

ಬೇಕಲ ದಂಡೆ

ಹಾರ್ಡ್‌ವೇರಿನವರೇ, ಕಿಟಕಿಯ ಬಿಳಿ ಪುಡಿ ಅಲ್ಯುಮಿನಿಯಂ ಫ್ರೇಮಿನಲ್ಲಿ ಸ್ಟೀಲ್ ಸ್ಕ್ರೂ ಇದ್ದಲ್ಲೇ ಬಂದದ್ದು. ಅಲ್ಲಿ 316 ಹಾಕಿದರೆ ಇನ್ನೂ ಜಾಸ್ತಿ ಆಗುವುದಿಲ್ಲವಾ?

ಮಂಜೇಶ್ವರ ಹಾರ್ಡ್‌ವೇರ್

ಒಳ್ಳೆಯ ಪ್ರಶ್ನೆ. ಎರಡು ಲೋಹ ತಾಗಿಕೊಂಡು ನಡುವೆ ಉಪ್ಪುನೀರು ನಿಂತರೆ ಬ್ಯಾಟರಿಯ ಹಾಗೆ ಕರೆಂಟು ಹರೀತದೆ, ಸವೆಯುವುದು ಅಲ್ಯುಮಿನಿಯಂ. ದೊಡ್ಡ ಫ್ರೇಮಿಗೆ ಸಣ್ಣ ಸ್ಟೀಲ್ ಸ್ಕ್ರೂ ಇದ್ದರೆ ಸವೆತ ಹಂಚಿಹೋಗಿ ನಿಧಾನ ಆಗ್ತದೆ, ತೂತಿನ ಸುತ್ತ ಮಾತ್ರ ಪುಡಿ. ತಿರುಗಾಮುರುಗಾ ಆದರೆ ಕಷ್ಟ: ಸ್ಟೀಲ್ ಏಣಿಯ ದೊಡ್ಡ ಕ್ಲಾಂಪಿಗೆ ಅಲ್ಯುಮಿನಿಯಂ ರಿವೆಟ್ ಹೊಡೆದಿದ್ದರೆ ಇಡೀ ಸವೆತ ಆ ಸಣ್ಣ ರಿವೆಟಿನ ಮೇಲೆ ಬೀಳ್ತದೆ. ನಿಮ್ಮ ಏಣಿಯ ಬುಡ ಇವತ್ತೇ ನೋಡಿ. ಅಲ್ಲಿ ರಿವೆಟ್ ಇದ್ದರೆ ಮನುಷ್ಯರು ಹತ್ತುವ ಮೊದಲು 316 ಬೋಲ್ಟ್ ಹಾಕಿಸಿ.

ಮದ್ದು ಎಂದರೆ ಎರಡು ಲೋಹ ತಾಗದ ಹಾಗೆ ಮಾಡುವುದು. ಪುಡಿಯನ್ನು ನೈಲಾನ್ ಬ್ರಶ್ಶಿನಲ್ಲಿ ತೆಗೆದು, ಸ್ಕ್ರೂ ತಲೆಯ ಅಡಿಗೆ ನೈಲಾನ್ ವಾಷರ್, ಮರೆಗೆ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡಿನ) ಗ್ರೀಸ್. ಮರೆ ಹಿಡಿದುಕೊಳ್ಳದಂತೆ ಹಚ್ಚುವ, ತಾಮ್ರದ ಪುಡಿ ಇರುವ ಆಂಟಿ-ಸೀಜ್ ಪೇಸ್ಟ್ ಇಲ್ಲಿಗೆ ಹಾಕಬೇಡಿ, ಅಲ್ಯುಮಿನಿಯಮಿಗೆ ತಾಮ್ರ ಸ್ಟೀಲಿಗಿಂತ ಕೆಟ್ಟದು.

ಬದಿಯಡ್ಕ ಪೈಂಟ್

ಸೀಲೆಂಟ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕಾನ್ ಹಾಕಿದಲ್ಲಿ ಅದು ಒಣಗುವಾಗ ಬಿಡುವ ಅಸಿಟಿಕ್ ಆಸಿಡ್ಡೇ ಸ್ಕ್ರೂವನ್ನು ತಿಂತದೆ. ಸಿಲಿಕಾನ್ ಹಚ್ಚಿದ ಮೈ ಮೇಲೆ ಮುಂದೆ ಪೈಂಟೂ ನಿಲ್ಲುವುದಿಲ್ಲ, ಬೇರೆ ಸೀಲೆಂಟೂ ನಿಲ್ಲುವುದಿಲ್ಲ. ಕ್ಯಾರವಾನಿಗೆ ಪಾಲಿಯುರೆಥೇನ್, ಉದಾಹರಣೆಗೆ ಸಿಕಾಫ್ಲೆಕ್ಸ್ 221, ಅಥವಾ ಎಂಎಸ್ ಪಾಲಿಮರ್ ಎಂಬ ಇನ್ನೊಂದು ತರದ ಸೀಲೆಂಟ್. ಬಿಸಿಲು ನೇರ ಬೀಳುವ ಬಿಳಿ ಅಂಚಿಗೆ ನನ್ನ ಆಯ್ಕೆ ಎಂಎಸ್ ಪಾಲಿಮರ್, ಹಳದಿಯಾಗುವುದು ಕಡಿಮೆ. 5 ಮಿ.ಮೀ. ದಪ್ಪದ ಗೆರೆ ಎಳೆದರೆ 300 ಮಿ.ಲೀ. ಟ್ಯೂಬು 15 ಮೀಟರ್ ಬರ್ತದೆ. ಆಂಗಲಿನ ಎರಡೂ ಅಂಚು 36 ಮೀಟರ್, ಸ್ಕ್ರೂ ತೂತು ಸೇರಿಸಿ 3 ಟ್ಯೂಬು.

ಹಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಹಸಿ ಆಲ್ಕೋಹಾಲ್ ಮೇಲೆ ಪಾಲಿಯುರೆಥೇನ್ ಗಟ್ಟಿಯಾಗದೆ ಅಂಟಂಟಾಗಿ ಉಳೀತದೆ. ಹೊಸ ಬೀಡಿಂಗನ್ನು ಎಳೆದು ಹಾಕಬೇಡಿ, ಕೈಯಲ್ಲಿ ಒತ್ತುತ್ತಾ ಬನ್ನಿ, ಎರಡೂ ತುದಿಯಲ್ಲಿ ಒಂದಿಂಚು ಹೆಚ್ಚು ಬಿಟ್ಟು ಮೇಲಿನ ತುದಿಯನ್ನು ಸೀಲ್ ಮಾಡಿ. ಕೆಳತುದಿ ಮುಚ್ಚಬೇಡಿ, ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಬೇಕು.

ಪೆರ್ಲ ತೋಟ

ಸ್ಕ್ರೂ ತಲೆ ಸವೆದು ತಿರುಗದಿದ್ದರೆ ಎಣ್ಣೆ ಹೊಡೆಯಬಹುದಾ?

ಕುಂಬಳೆ ಬಾಡಿ ವರ್ಕ್ಸ್

ಡಬ್ಲ್ಯುಡಿ-40 ಒಂದು ತೊಟ್ಟು ಬಿಟ್ಟು ರಾತ್ರಿಯಿಡೀ ಇಡಿ, ಆದರೆ ಮತ್ತೆ ಆ ಎಣ್ಣೆಯನ್ನು ಟರ್ಪೆಂಟೈನಿನಲ್ಲಿ ಪೂರ್ತಿ ತೆಗೆಯದಿದ್ದರೆ ಸೀಲೆಂಟ್ ಹಿಡಿಯುವುದಿಲ್ಲ. ಎಣ್ಣೆಗಿಂತ ಶಾಖ ಉತ್ತಮ: 60 ವಾಟಿನ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಹಿಡಿಯಿರಿ. ಹಳೆ ಸೀಲೆಂಟ್ ಮೆತ್ತಗಾಗಿ, ತುಕ್ಕಿನ ಹಿಡಿತ ಸಡಿಲ ಆಗ್ತದೆ. ಬಿಗಿ ಮಾಡುವ ದಿಕ್ಕಿಗೆ ಒಂದು ಎಳೆ ತಿರುಗಿಸಿ ಆಮೇಲೆ ಬಿಚ್ಚಿ. ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಫೈಬರ್ ಮೇಲೆ ಬೇಡ, ಜೆಲ್‌ಕೋಟ್ ನಕ್ಷತ್ರದ ಹಾಗೆ ಬಿರಿಯುತ್ತದೆ.

ತಲೆ ಮುರಿದು ತುಂಡು ಒಳಗೆ ಉಳಿದರೆ ಹಾಗೆಯೇ ಮುಚ್ಚಿಬಿಡುವುದು ತಪ್ಪು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ತದೆ, ಸೀಲೆಂಟನ್ನು ಎಬ್ಬಿಸಿ ಪುನಃ ಗೆರೆ ಇಳಿಸ್ತದೆ. 8 ಮಿ.ಮೀ. ಉಕ್ಕಿನ ಕೊಳವೆಯ ಬಾಯಿಗೆ ಅರದಲ್ಲಿ ಹಲ್ಲು ಮಾಡಿ ಡ್ರಿಲ್ಲಿಗೆ ಹಾಕಿ ತುಂಡಿನ ಸುತ್ತ ಕೊರೆದರೆ ಮರದ ಸಮೇತ ಬರ್ತದೆ. ಆ ತೂತಿಗೆ ಎಪಾಕ್ಸಿ.

ಉಪ್ಪಳ ಲ್ಯಾಬ್

ಏಣಿಯ ಚಹಾ ಬಣ್ಣ ಮೇಲ್ಮೈಯ ಕಲೆ ಮಾತ್ರ, ಕೊಳವೆ ತೂತು ಬಿದ್ದಿಲ್ಲ. ಅದೇ ಆಕ್ಸಾಲಿಕ್ ಗಂಜಿಯಿಂದ ತೆಗೆದು ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು, ಕರಗಿಸಿ, ಬಟ್ಟೆಯಲ್ಲಿ ನೆನೆಸಿ ಕೊಳವೆಗೆ ಸುತ್ತಿ 20 ನಿಮಿಷ ಒದ್ದೆಯಾಗಿಯೇ ಇಡಿ. ಮೇಲ್ಮೈಯಲ್ಲಿ ಉಳಿದ ಕಬ್ಬಿಣ ಕರಗಿ ಕ್ರೋಮಿಯಮಿನ ಪೊರೆ ಪುನಃ ಕೂಡ್ತದೆ. ಒರಟಾಗಿ ಗ್ರೈಂಡ್ ಮಾಡಿದ ವೆಲ್ಡಿಂಗ್ ಜಾಗದಲ್ಲಿ ಉಪ್ಪು ನಿಲ್ತದೆ, ಅದನ್ನು ನುಣ್ಣಗೆ ಪಾಲಿಶ್ ಮಾಡಿಸಿದರೆ ಕಲೆ ಕಡಿಮೆ.

ಹಿಂಜು ಅಲ್ಯುಮಿನಿಯಮಿನದ್ದು, ಪಿನ್ನು ಸ್ಟೀಲ್ ಆದರೆ ಒಳಗೆ ಬಿಳಿ ಪುಡಿ ತುಂಬಿ ಬಿಗಿಯಾಗಿರ್ತದೆ. ಬಿಸಿನೀರು ಹೊಯ್ಯುತ್ತಾ ಮೆಲ್ಲ ಆಡಿಸಿ, ಒಣಗಿಸಿ, ಲ್ಯಾನೊಲಿನ್ ಬಿಡಿ. ಬೀಗದ ಕ್ರೋಮ್ ಉಬ್ಬಿದ್ದರೆ ಒಳಗಿನ ಸತುವಿನ ಎರಕ ಹೋಗಿದೆ ಎಂದರ್ಥ, ಬದಲಿಸುವುದೇ. ಬೀಗಕ್ಕೆ ಗ್ರಾಫೈಟ್ ಹಾಕಬೇಡಿ, ಉಪ್ಪುಗಾಳಿಯಲ್ಲಿ ಅದೂ ಸವೆತ ಹೆಚ್ಚಿಸ್ತದೆ.

ಬದಿಯಡ್ಕ ಪೈಂಟ್

ಕ್ರಾಸ್ ಮೆಂಬರ್: ಮೊದಲು ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ, ಆಮೇಲೆ ವೈರ್ ಬ್ರಶ್. ತೊಳೆಯದೆ ಉಜ್ಜಿದರೆ ಉಪ್ಪು ಗುಳಿಯೊಳಗೆ ಹೋಗಿ ಕೂರ್ತದೆ. ಸುತ್ತಿಗೆಯಲ್ಲಿ ತಟ್ಟಿ ನೋಡಿ, ಡಬಡಬ ಶಬ್ದ ಬಂದರೆ ಅದು ಪೈಂಟಿನ ಕೆಲಸ ಅಲ್ಲ, ವೆಲ್ಡರಿನ ಕೆಲಸ. ಬ್ರೇಕ್ ಪೈಪಿಗೆ ಬ್ರಶ್ ತಾಗಿಸಬೇಡಿ, ಗುಳಿ ಬಿದ್ದಿದ್ದರೆ ಮೆಕ್ಯಾನಿಕ್ ಹತ್ತಿರ ಬದಲಿಸಿ.

ಬ್ರಶ್ ಹೋಗದ ಗುಳಿಗಳಿಗೆ ಟ್ಯಾನಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್. ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದು ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿ. ಇದೂ ಅದೇ, ತುಕ್ಕು ನೀಲಿಗಪ್ಪಾಗಿ ಗಟ್ಟಿಯಾಗ್ತದೆ. ಅದರ ಮೇಲೆ ಜಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರ್ ಎರಡು ಕೈ, ಮೇಲೆ ಪಿಯು (ಪಾಲಿಯುರೆಥೇನ್) ಪೈಂಟ್ ಒಂದು ಕೈ. ಬಾಕ್ಸ್ ಸೆಕ್ಷನಿನ (ಒಳಗೆ ಟೊಳ್ಳಾದ ಕಬ್ಬಿಣದ) ಒಳಗೆ ಕ್ಯಾವಿಟಿ ವ್ಯಾಕ್ಸ್, ನೀರಿಳಿಯುವ ತೂತಿನಲ್ಲಿ ತೊಟ್ಟಿಕ್ಕುವ ತನಕ, ಆಮೇಲೆ ತೂತು ಬಿಡಿಸಿಡಿ. ತುಕ್ಕಿನ ಮೇಲೆಯೇ ದಪ್ಪ ಡಾಂಬರು ಕೋಟಿಂಗ್ ಬಳಿದು ಕೊಡುವವರನ್ನು ನಂಬಬೇಡಿ. ಮೇಲಿಂದ ಕಪ್ಪಗೆ ಚಂದ ಕಾಣ್ತದೆ, ಅಡಿಯಲ್ಲಿ ನೀರು ಹಿಡಿದಿಟ್ಟು ಕಬ್ಬಿಣ ಪದರ ಪದರವಾಗಿ ಏಳ್ತದೆ.

ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡಿ. ಕಬ್ಬಿಣದ ಬಿಸಿ ಇಬ್ಬನಿ ಬೀಳುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಹಾಗಾಗಿ ಬೆಳಿಗ್ಗೆ ಹತ್ತರ ಮೇಲೆಯೇ ಬ್ರಶ್ ಹಿಡಿಯಿರಿ.

ಮುಳ್ಳೇರಿಯಾ

ಇಷ್ಟೆಲ್ಲ ಮಾಡಿದ ಮೇಲೆ ತೊಳೆಯುವುದು ತಪ್ಪಿಸಬೇಡಿ. ಗಾಳಿಯ ತೇವ 75 ಶೇಕಡಾ ದಾಟಿದರೆ ಮೈಮೇಲಿನ ಉಪ್ಪು ತಾನೇ ನೀರು ಹೀರಿ ಒದ್ದೆಯಾಗ್ತದೆ. ನಮ್ಮ ಕರಾವಳಿಯಲ್ಲಿ ವರ್ಷದ ಬಹುತೇಕ ರಾತ್ರಿ ಅಷ್ಟಿರ್ತದೆ. ಮಳೆ ಇಲ್ಲದ ತಿಂಗಳಲ್ಲೂ ತುಕ್ಕು ನಿಲ್ಲದಿರುವುದು ಇದರಿಂದ. ಮಳೆಗಾಲದಲ್ಲಿ ಮೇಲ್ಮೈಯನ್ನು ಮಳೆಯೇ ತೊಳೀತದೆ, ಅಡಿಭಾಗವನ್ನಲ್ಲ. ಬೇಸಗೆಯಲ್ಲಿ ವಾರಕ್ಕೊಮ್ಮೆ ಪೈಪಿನ ನೀರು ಸಾಕು. ಪ್ರೆಶರ್ ವಾಷರನ್ನು ಸೀಲೆಂಟಿನ ಅಂಚಿಗೆ ಒಂದಡಿಗಿಂತ ಹತ್ತಿರ ತರಬೇಡಿ.

ಬೇಕಲ ದಂಡೆ

ಏಣಿಯ ಬುಡ ನೋಡಿದೆ, ಅಲ್ಯುಮಿನಿಯಂ ರಿವೆಟ್ಟೇ. ಎರಡರ ತಲೆ ಉಗುರಿಗೆ ಸಿಕ್ಕಿ ಪುಡಿಯಾಯಿತು. ಮೊದಲು ಅದನ್ನೇ ಬದಲಿಸ್ತೇನೆ. ಇನ್ನೊಂದು: ಉಳಿದ ಆಕ್ಸಾಲಿಕ್ ನೀರನ್ನು ಎಲ್ಲಿ ಚೆಲ್ಲುವುದು? ಹತ್ತಿರದಲ್ಲೇ ಬಾವಿ ಉಂಟು.

ಉಪ್ಪಳ ಲ್ಯಾಬ್

ಬಾವಿ, ನೀರಿನ ಸುರಂಗ, ತೋಡು ಇರುವ ಬದಿಗೆ ಹಾಗೆಯೇ ಚೆಲ್ಲಬೇಡಿ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಮನೆಯಲ್ಲಿದ್ದರೆ ಅದೇ ಆಗ್ತದೆ, ಮೈಲುತುತ್ತು ಬೆರೆಸಿದ್ದು ಆಗಬಾರದು. 50 ಗ್ರಾಂ ಹರಳು ಹಾಕಿದ 1 ಲೀಟರಿಗೆ 40 ಗ್ರಾಂ ಅರಳಿಸಿದ ಸುಣ್ಣದ ಹುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕೋಲಿನಲ್ಲಿ ಕದಡಿ. ನೀರಿನಲ್ಲಿ ಕರಗದ ಬಿಳಿ ಮಡ್ಡಿಯಾಗಿ ತಳಕ್ಕೆ ಕೂರ್ತದೆ. ಒಂದು ರಾತ್ರಿ ಬಿಟ್ಟು ಮೇಲಿನ ನೀರನ್ನು ಬಾವಿಯಿಂದ ದೂರ ಚೆಲ್ಲಿ, ಮಡ್ಡಿಯನ್ನು ಒಣಗಿಸಿ ಕಟ್ಟಿ ಕಸಕ್ಕೆ ಹಾಕಿ. ಗ್ಲೌಸ್ ಆಗಲೂ ಕೈಯಲ್ಲೇ ಇರಲಿ.